ಅಳಿವಿನ ಮಾತು, ಉಳಿವಿನ ಮಾತು

ನಾನು ಇಂಗ್ಲಿಷ್ ಅಧ್ಯಾಪಕನಾಗಿ ಕೆಲಸಕ್ಕೆ ಸೇರಿದ ಮೊದಲ ಏಳು ವರ್ಷ ತಾತ್ಕಾಲಿಕ ಹುದ್ದೆಯಲ್ಲಿದ್ದೆ. ಏಪ್ರಿಲ್ ತಿಂಗಳ ಕೊನೆಗೆ ಕೆಲಸ ಹೋಗುತ್ತಿತ್ತು. ಮುಂಗಾರು ಮಳೆಯ ಜೊತೆಯಲ್ಲಿ ಮತ್ತೆ ಬರುತ್ತಿತ್ತು. ಎಂಟನೆಯ ವರ್ಷ ಒಂದು ಆದೇಶ ಕೈಸೇರಿತು. ಅದರಲ್ಲಿ 'ಪರ್ಮನೆಂಟ್' ಎಂಬ ಶಬ್ದವಿತ್ತು. ಇಂಗ್ಲಿಷ್ ಓದಲು ಬಾರದ ನನ್ನ ತಾಯಿ ಆ ಕಾಗದವನ್ನು ದೇವರ ಮುಂದಿಟ್ಟು, ಪಾಯಸ ಮಾಡಿ, "ನಮ್ಮ ಹುಡುಗನದು ಖಾಯಂ ಆಯಿತು" ಎಂದು ಬೀದಿಯ ನಾಲ್ಕು ಮನೆಗಳಿಗೆ ಹೇಳಿ ಬಂದರು. ಆಮೇಲೆ ಅದನ್ನು ಮರದ ಪೆಟ್ಟಿಗೆಯ ತಳದಲ್ಲಿ, ತಮ್ಮ ಹಳೆಯ ಸೀರೆಯೊಂದರ ಕೆಳಗೆ, ಜೋಪಾನವಾಗಿ ಇಟ್ಟರು. ಮೂವತ್ತು ವರ್ಷಗಳಾದ ಮೇಲೆ ನಿವೃತ್ತಿವೇತನದ ಲೆಕ್ಕಕ್ಕಾಗಿ ಆ ಆದೇಶ ಬೇಕಾಯಿತು. ತಾಯಿ ಆಗ ಇರಲಿಲ್ಲ. ಪೆಟ್ಟಿಗೆ ತೆರೆದರೆ ಸೀರೆಯೂ ಇರಲಿಲ್ಲ, ಆದೇಶವೂ ಇರಲಿಲ್ಲ. ಗೆದ್ದಲು ಎರಡನ್ನೂ ತಿಂದು ಮಣ್ಣಿನ ಗೆರೆಗಳನ್ನಷ್ಟೇ ಬಿಟ್ಟಿತ್ತು.

ಆ ದಿನ ನನಗೆ ಬಂದದ್ದು ದುಃಖವೋ ನಗೆಯೋ ಹೇಳಲಾರೆ. 'ಪರ್ಮನೆಂಟ್' ಎಂಬ ಶಬ್ದವನ್ನೇ ಗೆದ್ದಲು ತಿಂದಿದೆಯಲ್ಲ ಎಂಬ ಯೋಚನೆ ಮಾತ್ರ ಮನಸ್ಸಿನಲ್ಲಿ ಉಳಿಯಿತು. ಶಬ್ದಗಳ ಹುಟ್ಟನ್ನು ಹುಡುಕುವುದು ನನ್ನ ಹಳೆಯ ಹವ್ಯಾಸ. ಆ ಸಂಜೆಯೇ ನಿಘಂಟುಗಳನ್ನು ಕೆಳಗಿಳಿಸಿ ಕುಳಿತೆ. ಅಳಿವನ್ನು ಹೇಳುವ ಇಂಗ್ಲಿಷ್ ಮಾತುಗಳು ಯಾವುವು, ಉಳಿವನ್ನು ಹೇಳುವ ಮಾತುಗಳು ಯಾವುವು, ಅವು ಎಲ್ಲಿಂದ ಬಂದವು ಎಂದು ನೋಡುತ್ತ ಹೋದೆ. ಹಾಗೆ ಹೋದವನಿಗೆ ಶಬ್ದಗಳ ಹಿಂದೆ ಇತಿಹಾಸ ಕಾಣಿಸಿತು. ಇತಿಹಾಸದ ಹಿಂದೆ ಎರಡು ಕಂದಾಯದ ದಾಖಲೆಗಳು ಕಾಣಿಸಿದವು. ಒಂದರ ಹೆಸರಿನಲ್ಲಿ ವಿನಾಶವಿತ್ತು, ಇನ್ನೊಂದರ ಹೆಸರಿನಲ್ಲಿ ಶಾಶ್ವತತೆಯಿತ್ತು. ಅವುಗಳಲ್ಲಿ ಯಾವುದು ಉಳಿಯಿತು, ಯಾವುದು ಅಳಿಯಿತು ಎಂಬುದನ್ನು ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ.

ಕನ್ನಡದಲ್ಲಿ ಅಳಿ, ಉಳಿ ಎಂಬ ಎರಡು ಧಾತುಗಳು ಒಂದೇ ಮನೆಯ ಅಕ್ಕತಂಗಿಯರಂತಿವೆ. ನಡುವೆ ಇರುವುದು ಒಂದು ಸ್ವರದ ಅಂತರ. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ಅಳಿವಿಗೆ ಹತ್ತಾರು ಮಾತು, ಉಳಿವಿಗೆ ಹತ್ತಾರು ಮಾತು. ಅವುಗಳಲ್ಲಿ ಬಹುಪಾಲು ಇಂಗ್ಲಿಷರ ಸ್ವಂತ ಮಾತುಗಳಲ್ಲ. ಲ್ಯಾಟಿನ್ನಿನಿಂದ ಹೊರಟು ಫ್ರೆಂಚಿನ ಮೂಲಕ ಬಂದವು. ಅದಕ್ಕೆ ಕಾರಣ 1066ರಲ್ಲಿ ನಡೆದ ಒಂದು ಯುದ್ಧ. ಆ ವರ್ಷ ನಾರ್ಮಂಡಿಯ ವಿಲಿಯಂ ಕಡಲು ದಾಟಿ ಬಂದು ಹೇಸ್ಟಿಂಗ್ಸ್‌ನಲ್ಲಿ ಹೆರಾಲ್ಡ್ ದೊರೆಯನ್ನು ಸೋಲಿಸಿ ಇಂಗ್ಲೆಂಡಿನ ಅರಸನಾದ. ಅರಮನೆಯಲ್ಲಿ, ನ್ಯಾಯಸ್ಥಾನದಲ್ಲಿ ಫ್ರೆಂಚ್ ನುಡಿ ಬಂದು ಕುಳಿತಿತು. ಸೋತವರ ನುಡಿ ಹೊಲಕ್ಕೂ ಅಡುಗೆಮನೆಗೂ ಸರಿಯಿತು. 'ಸ್ಪಿಲ್' ಎಂಬ ಅಚ್ಚ ಇಂಗ್ಲಿಷ್ ಮಾತನ್ನೇ ನೋಡಿ. ಇಂದು ಅದಕ್ಕೆ ಹಾಲೋ ನೀರೋ ಚೆಲ್ಲುವುದು ಎಂದಷ್ಟೇ ಅರ್ಥ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಕೊಲ್ಲು, ನಾಶಮಾಡು ಎಂಬ ಘೋರವಾದ ಅರ್ಥವಿತ್ತು. ಕಾಲಕ್ರಮದಲ್ಲಿ ಅದು ರಕ್ತ ಚೆಲ್ಲುವುದಕ್ಕೆ ಇಳಿದು, ಕೊನೆಗೆ ಹಾಲು ಚೆಲ್ಲುವಲ್ಲಿಗೆ ಬಂದು ನಿಂತಿತು. ನಾಶಮಾಡುವ ಅದರ ಅಧಿಕಾರವನ್ನು ಫ್ರೆಂಚಿನಿಂದ ಬಂದ 'ಡೆಸ್ಟ್ರಾಯ್' ವಹಿಸಿಕೊಂಡಿತು.

ಈ 'ಡೆಸ್ಟ್ರಾಯ್' ಶಬ್ದವನ್ನು ಬಿಡಿಸಿ ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಲ್ಯಾಟಿನ್ನಿನಲ್ಲಿ 'ಸ್ಟ್ರುಎರೆ' ಎಂದರೆ ಒಂದರ ಮೇಲೊಂದು ಪೇರಿಸು, ಕಟ್ಟು. ಕಟ್ಟಡವನ್ನು ಹೇಳುವ 'ಸ್ಟ್ರಕ್ಚರ್' ಹುಟ್ಟಿದ್ದು ಅದರಿಂದಲೇ. ಅದಕ್ಕೆ ವಿರುದ್ಧಾರ್ಥದ ಉಪಸರ್ಗ ಸೇರಿದಾಗ ಡೆಸ್ಟ್ರಾಯ್ ಆಯಿತು. ಎಂದರೆ ಕಟ್ಟಿದ್ದನ್ನು ಕಳಚುವುದು. 'ರೂಯಿನ್' ಎಂಬುದು ಕುಸಿದು ಬೀಳುವುದನ್ನು ಹೇಳುವ ಧಾತುವಿನಿಂದ ಬಂದದ್ದು. ನಿಂತಿದ್ದದ್ದಲ್ಲದೆ ಬೀಳುವುದು ಬೇರೇನು? ಉಳುಮೆ ನಿಂತ ನೆಲವನ್ನು ನಮ್ಮ ರೈತ 'ಬೀಳು' ಎನ್ನುತ್ತಾನಲ್ಲ, ಅದೂ ಇದೇ ಬಗೆಯ ಕಲ್ಪನೆ. ಶಿಥಿಲವಾದ ಮನೆಗೆ ಹೇಳುವ 'ಡಿಲ್ಯಾಪಿಡೇಟೆಡ್' ಎಂಬ ಮಾತಿನೊಳಗೆ 'ಲಾಪಿಸ್', ಅಂದರೆ ಕಲ್ಲು ಇದೆ. ಕಲ್ಲುಗಳನ್ನು ಎರಚಿದಂತೆ ಚೆಲ್ಲಾಪಿಲ್ಲಿ ಮಾಡುವುದು ಅದರ ಮೂಲಾರ್ಥ. ಹೆಸರಿಲ್ಲದಂತೆ ಅಳಿಸಿಹಾಕುವ 'ಆಬ್ಲಿಟರೇಟ್' ಎಂಬ ಮಾತಿನೊಳಗೆ ಅಕ್ಷರವನ್ನು ಹೇಳುವ 'ಲಿಟ್ಟೆರ' ಇದೆ. ಬರೆದದ್ದರ ಮೇಲೆ ಗೆರೆ ಎಳೆದು ಹೊಡೆದುಹಾಕುವುದು ಅದರ ಭಾವ. ಹೀಗೆ ಕಲ್ಲು, ಕಟ್ಟಡ, ಅಕ್ಷರ ಎಲ್ಲವೂ ಈ ಅಳಿವಿನ ಮಾತುಗಳ ಹೊಟ್ಟೆಯಲ್ಲಿ ಹಾಗೆಯೇ ಇವೆ. ಏನು ಹೋಯಿತು ಎಂಬುದನ್ನು ಹೇಳದೆ, ಹೋಯಿತು ಎಂದು ಹೇಳಲು ಅವುಗಳಿಗೆ ಬರುವುದಿಲ್ಲ. ಅಳಿವಿನ ಮಾತುಗಳು ಒಂದು ಬಗೆಯ ಸಾಕ್ಷಿಗಳು. ಇದನ್ನು ತಾವು ದಯವಿಟ್ಟು ನೆನಪಿನಲ್ಲಿಡಬೇಕು.

ಇನ್ನು ನಾನು ಹೇಳಿದ ಮೊದಲನೆಯ ದಾಖಲೆಯ ವಿಷಯಕ್ಕೆ ಬರುತ್ತೇನೆ. ವಿಲಿಯಂ ಗೆದ್ದನೇನೋ ನಿಜ. ಉತ್ತರದ ಸೀಮೆಯವರು ಅವನಿಗೆ ತಲೆಬಾಗಲಿಲ್ಲ, ದಂಗೆಯೆದ್ದರು. 1069–70ರ ಚಳಿಗಾಲದಲ್ಲಿ ಅವನ ಸೈನ್ಯ ಯಾರ್ಕ್‌ಷೈರ್ ಮತ್ತು ಸುತ್ತಣ ಪ್ರದೇಶಕ್ಕೆ ನುಗ್ಗಿ ಊರುಗಳನ್ನು ಸುಟ್ಟಿತು. ದವಸಧಾನ್ಯಗಳನ್ನೂ ದನಕರುಗಳನ್ನೂ ನಾಶಮಾಡಿತು. ಕತ್ತಿಗೆ ಸಿಕ್ಕದವರು ಹಸಿವಿಗೆ ಸಿಕ್ಕಿದರು. ಹದಿನೈದು ವರ್ಷಗಳಾದ ಮೇಲೆ, 1085ರ ಕ್ರಿಸ್ಮಸ್ ಹಬ್ಬದಲ್ಲಿ, ವಿಲಿಯಂ ಗ್ಲಾಸ್ಟರ್ ನಗರದಲ್ಲಿ ಓಲಗ ಸೇರಿಸಿ ಒಂದು ನಿರ್ಧಾರ ಮಾಡಿದ. ರಾಜ್ಯದಲ್ಲಿ ಯಾವ ನೆಲ ಯಾರದು, ಅದರಲ್ಲಿ ಎಷ್ಟು ನೇಗಿಲು, ಎಷ್ಟು ಆಳು, ಎಷ್ಟು ಹುಲ್ಲುಗಾವಲು, ಎಷ್ಟು ಗಿರಣಿ, ಎಷ್ಟು ಹುಟ್ಟುವಳಿ ಎಂಬುದನ್ನೆಲ್ಲ ಬರೆಸಬೇಕೆಂದು ಅಪ್ಪಣೆಯಾಯಿತು. ಮರುವರ್ಷವೇ ಅಧಿಕಾರಿಗಳು ಸೀಮೆ ಸೀಮೆಗೆ ಹೋಗಿ, ಊರಿನವರನ್ನು ಕರೆಸಿ, ಪ್ರಮಾಣ ಮಾಡಿಸಿ ಕೇಳಿದರು. ಆ ಕಾಲದ ವರ್ಷವೃತ್ತಾಂತವನ್ನು ಬರೆದ ಇಂಗ್ಲಿಷ್ ಸನ್ಯಾಸಿಯೊಬ್ಬ, ಹಂದಿಗಳನ್ನೂ ಬಿಡದೆ ಎಣಿಸಿದ ಈ ದೊರೆಯ ದುರಾಸೆಯನ್ನು ಕಂಡು ಹೇಸಿಕೊಂಡಿದ್ದಾನೆ. ಹದಿಮೂರು ಸಾವಿರಕ್ಕೂ ಹೆಚ್ಚು ಊರುಗಳ ವಿವರ ಕುರಿಯ ಚರ್ಮದ ಹಾಳೆಗಳ ಮೇಲೆ ಲ್ಯಾಟಿನ್ ಭಾಷೆಯಲ್ಲಿ ಬರೆಯಲ್ಪಟ್ಟಿತು.

ಆ ಗ್ರಂಥದಲ್ಲಿ ಉತ್ತರದ ಸೀಮೆಯ ಪುಟಗಳನ್ನು ತೆರೆದರೆ ಒಂದೇ ಮಾತು ಮತ್ತೆ ಮತ್ತೆ ಕಾಣಿಸುತ್ತದೆ. ಊರಿನ ಹೆಸರು, ಅದರ ಮುಂದೆ 'ವಾಸ್ಟ'. ಮತ್ತೊಂದು ಊರು, ಅದರ ಮುಂದೆಯೂ 'ವಾಸ್ಟ'. ಲ್ಯಾಟಿನ್ನಿನಲ್ಲಿ ಆ ಧಾತುವಿಗೆ ಬರಿದು, ಖಾಲಿ ಎಂದು ಅರ್ಥ. ಇಂಗ್ಲಿಷಿನ 'ವೇಸ್ಟ್' ಬಂದದ್ದು ಅದರಿಂದ. 'ಡೆವಾಸ್ಟೇಟ್' ಬಂದದ್ದು ಅದರಿಂದ. ವಿಶಾಲವಾದದ್ದನ್ನು ಹೇಳುವ 'ವಾಸ್ಟ್' ಕೂಡ ಅದರಿಂದಲೇ ಬಂದದ್ದು, ಏಕೆಂದರೆ ಜನವಿಲ್ಲದ ನೆಲ ನೋಡುವವನ ಕಣ್ಣಿಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಈ 'ವಾಸ್ಟ' ಎಂಬ ಗುರುತೆಲ್ಲವೂ ಸುಟ್ಟು ಹಾಳಾದ ಊರು ಎಂಬರ್ಥದ್ದೇ ಆಗಬೇಕಿಲ್ಲ, ಕೆಲವೆಡೆ ಕಂದಾಯ ಬಾರದ ನೆಲ ಎಂಬಷ್ಟೇ ಅರ್ಥವೂ ಇರಬಹುದು ಎಂದು ಇತಿಹಾಸಕಾರರು ವಾದಿಸುತ್ತಾರೆ. ವಾದ ಏನೇ ಇರಲಿ, ಗುಮಾಸ್ತನ ಲೇಖನಿಗೆ ಕರುಣೆಯಿಲ್ಲ, ಕ್ರೌರ್ಯವೂ ಇಲ್ಲ. ನಮ್ಮ ಕಂದಾಯ ಇಲಾಖೆಯ ಕಡತಗಳಲ್ಲಿಯೂ ಜನವಸತಿ ಇಲ್ಲದ ಊರಿಗೆ 'ಬೇಚರಾಕ್ ಗ್ರಾಮ' ಎಂಬ ಹೆಸರುಂಟು. ಪಾರಸಿಯಲ್ಲಿ 'ಬೇ ಚಿರಾಗ್' ಎಂದರೆ ದೀಪವಿಲ್ಲದ್ದು. ನಕಾಶೆಯಲ್ಲಿ ಎಲ್ಲೆ ಇದೆ, ಸರ್ವೆ ನಂಬರು ಇದೆ. ಸಂಜೆಗೆ ದೀಪ ಹಚ್ಚುವ ಮನೆ ಮಾತ್ರ ಇಲ್ಲ. ಯಾವ ಕವಿಯೂ ಬರೆಯಬಹುದಾದ ಈ ಶಬ್ದವನ್ನು ಬರೆದವರು ಲೆಕ್ಕ ಬರೆಯುವವರು ಎಂಬುದನ್ನು ನೆನೆದರೆ ನನಗೆ ಆಶ್ಚರ್ಯವಾಗುತ್ತದೆ.

ವಿಲಿಯಮನ ಈ ಗ್ರಂಥಕ್ಕೆ ಮೊದಲು ಅಂಥ ಹೆಸರೇನೂ ಇರಲಿಲ್ಲ. ಸೋತ ಇಂಗ್ಲಿಷರೇ ಅದಕ್ಕೆ 'ಡೂಮ್ಸ್‌ಡೇ ಬುಕ್' ಎಂದು ಹೆಸರಿಟ್ಟರು. 12ನೆಯ ಶತಮಾನದ ಕೊನೆಯ ಭಾಗದಲ್ಲಿ ರಾಜನ ಖಜಾಂಚಿಯಾಗಿದ್ದ ರಿಚರ್ಡ್ ಫಿಟ್ಸ್‌ನೀಲ್ ಇದನ್ನು ಹೇಳಿದ್ದಾನೆ. ಅಂತ್ಯಕಾಲದಲ್ಲಿ ದೇವರು ಕೊಡುವ ತೀರ್ಪಿಗೆ ಹೇಗೆ ಮೇಲ್ಮನವಿ ಇಲ್ಲವೋ, ಹಾಗೆ ಈ ಗ್ರಂಥದ ಮಾತಿಗೂ ಮೇಲ್ಮನವಿ ಇಲ್ಲ ಎಂಬುದು ಆ ಹೆಸರಿನ ಇಂಗಿತ. ಇಂದು 'ಡೂಮ್' ಎಂದರೆ ವಿನಾಶ, ತಪ್ಪಿಸಲಾಗದ ಕೆಡುಕು. ಆದರೆ ಆ ಶಬ್ದದ ಮೂಲಾರ್ಥದಲ್ಲಿ ವಿನಾಶವೇ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ 'ಡೋಮ್' ಎಂದರೆ ಕಟ್ಟಳೆ, ತೀರ್ಪು. 9ನೆಯ ಶತಮಾನದ ಆಲ್ಫ್ರೆಡ್ ದೊರೆ ಮಾಡಿಸಿದ ಕಾನೂನಿನ ಪುಸ್ತಕಕ್ಕೆ 'ಡೋಮ್‌ಬೋಕ್' ಎಂದೇ ಹೆಸರು. ತೀರ್ಪಿನ ದಿನವೇ ಲೋಕದ ಕೊನೆಯ ದಿನವೆಂದು ಕ್ರೈಸ್ತರು ನಂಬಿದ್ದರಿಂದ, ತೀರ್ಪಿನ ಮಾತಿಗೆ ಕೊನೆಯ ಭಯ ಅಂಟಿಕೊಂಡಿತು. ಬರಬರುತ್ತ ತೀರ್ಪು ಮರೆತುಹೋಗಿ ಭಯ ಮಾತ್ರ ಉಳಿಯಿತು.

ಕನ್ನಡ ಬಲ್ಲವರಿಗೆ ಇದು ಹೊಸದೆನಿಸಬೇಕಾಗಿಲ್ಲ. 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾಡಿದ ಭಾಷಣವೊಂದರಲ್ಲಿ ಸರ್ ವಿಲಿಯಂ ಜೋನ್ಸ್, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಕವಲೊಡೆದಿರಬೇಕೆಂದು ಸಾರಿದ. ಇಂಗ್ಲಿಷೂ ಆ ವಂಶದ್ದೇ. ಹಾಗಾಗಿ ನಮ್ಮ ನುಡಿಗೆ ಸಂಸ್ಕೃತದಿಂದ ಬಂದು ಸೇರಿದ ಅನೇಕ ಶಬ್ದಗಳಿಗೆ ಇಂಗ್ಲಿಷಿನಲ್ಲಿ ದಾಯಾದಿಗಳಿದ್ದಾರೆ. 'ಡೂಮ್' ಹುಟ್ಟಿದ ಮೂಲಧಾತುವಿಗೆ ಇಡು, ನೆಲೆಗೊಳಿಸು ಎಂದು ಅರ್ಥ. ಸಂಸ್ಕೃತದಲ್ಲಿ ಅದೇ 'ಧಾ' ಧಾತು. ಅದಕ್ಕೆ 'ವಿ' ಸೇರಿದರೆ ನಮ್ಮ 'ವಿಧಿ'. ಈಗ ನೋಡಿ: ಸಂವಿಧಾನದ ಒಂದು ಕಲಮನ್ನೂ ವಿಧಿ ಎನ್ನುತ್ತೇವೆ, ಗಂಡನನ್ನು ಕಳೆದುಕೊಂಡವಳು ಹಣೆ ಚಚ್ಚಿಕೊಳ್ಳುತ್ತ ಅನ್ನುವುದೂ 'ನನ್ನ ವಿಧಿಯೇ' ಎಂದೇ. ಕಟ್ಟಳೆಯ ಮಾತು ಹಣೆಬರಹದ ಮಾತಾಗುವುದು ಇಂಗ್ಲೆಂಡಿನಲ್ಲೂ ನಡೆಯಿತು, ನಮ್ಮಲ್ಲೂ ನಡೆಯಿತು. ಕಟ್ಟಳೆ ಮಾಡುವವನು ಒಬ್ಬ, ಅನುಭವಿಸುವವನು ಇನ್ನೊಬ್ಬ ಆದಾಗ ಹೀಗಾಗುತ್ತದೆಯೋ ಏನೋ.

ಅಳಿವಿನ ಮಾತುಗಳೆಲ್ಲ ಹೀಗೆ ತಾವಾಗಿ ಬೆಳೆದವುಗಳೇ ಅಲ್ಲ. ಕೆಲವನ್ನು ಬೇಕೆಂದೇ ಹುಟ್ಟಿಸಿದ್ದುಂಟು. ಹುಟ್ಟಿಸಿದವರ ಹೆಸರೂ ನಮಗೆ ಗೊತ್ತು. ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ ಅರಸರ ಮೇಲಿನ ಸಿಟ್ಟು ಶಿಲ್ಪಗಳ ಮೇಲೆ, ಗ್ರಂಥಗಳ ಮೇಲೆ, ಗೋರಿಗಳ ಮೇಲೆ ತಿರುಗಿತು. 1793ರಲ್ಲಿ ಸೇಂಟ್ ಡೆನಿಯ ದೇವಾಲಯದಲ್ಲಿದ್ದ ರಾಜರ ಸಮಾಧಿಗಳನ್ನೇ ಅಗೆದರು. ಕ್ರಾಂತಿಯ ಪಕ್ಷದಲ್ಲೇ ಇದ್ದ ಧರ್ಮಗುರು ಆಬೆ ಗ್ರೆಗ್ವಾರ್‌ಗೆ ಇದನ್ನು ಸಹಿಸಲಾಗಲಿಲ್ಲ. ಇವು ಅರಸರ ಸೊತ್ತಲ್ಲ, ಜನರ ಸೊತ್ತು ಎಂದು ಆತ ವಾದಿಸಿದ. 1794ರಲ್ಲಿ ಸಭೆಗೆ ಒಪ್ಪಿಸಿದ ವರದಿಗಳಲ್ಲಿ ಈ ಕೃತ್ಯಕ್ಕೆ 'ವ್ಯಾಂಡಲಿಸಂ' ಎಂದು ಹೆಸರಿಟ್ಟ. ಕ್ರಿ.ಶ. 455ರಲ್ಲಿ ರೋಮ್ ನಗರವನ್ನು ಸೂರೆಮಾಡಿದ ವ್ಯಾಂಡಲ್ ಜನಾಂಗದ ಹೆಸರು ಅದು. ಪಾಪ, ಆ ಜನ ದೋಚಿದಷ್ಟು ಕೆಡವಲಿಲ್ಲ. ಆದರೂ ಅಪಕೀರ್ತಿ ಅವರ ಪಾಲಿಗೆ ಬಂತು. ಆ ಹಾವಳಿಯನ್ನು ನಿಲ್ಲಿಸುವುದಕ್ಕೆಂದೇ ತಾನು ಈ ಶಬ್ದವನ್ನು ಸೃಷ್ಟಿಸಿದ್ದಾಗಿ ಗ್ರೆಗ್ವಾರ್ ಮುಂದೆ ಬರೆದುಕೊಂಡಿದ್ದಾನೆ. ಹೆಸರಿಲ್ಲದ ತಪ್ಪನ್ನು ತಡೆಯುವುದು ಕಷ್ಟವೆಂದು ಆತನಿಗೆ ಗೊತ್ತಿತ್ತು.

ಒಂದೂವರೆ ಶತಮಾನದ ತರುವಾಯ ಇದೇ ಕೆಲಸವನ್ನು ಮತ್ತೊಬ್ಬ ಮಾಡಿದ. ರಾಫೆಲ್ ಲೆಮ್ಕಿನ್ ಪೋಲೆಂಡಿನ ಯಹೂದಿ ವಕೀಲ. ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟು ಅಮೆರಿಕ ಸೇರಿದ. ಹಿಂದೆ ಉಳಿದ ಅವನ ಬಂಧುಗಳಲ್ಲಿ ಬಹುಮಂದಿ ಕೊಲೆಯಾದರು. ಒಬ್ಬನನ್ನು ಕೊಂದರೆ ಅದಕ್ಕೆ ಹೆಸರುಂಟು, ಒಂದು ಕುಲವನ್ನೇ ಅಳಿಸಿದರೆ ಅದಕ್ಕೆ ಕಾನೂನಿನಲ್ಲಿ ಹೆಸರೇ ಇಲ್ಲವಲ್ಲ ಎಂಬ ಕೊರಗು ಅವನನ್ನು ಕಾಡಿತು. 1944ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ 'ಜೆನೊಸೈಡ್' ಎಂಬ ಶಬ್ದವನ್ನು ಕಟ್ಟಿಕೊಟ್ಟ. ಅದರ ಉತ್ತರಾರ್ಧ ಲ್ಯಾಟಿನ್ನಿನದು, ಕೊಲ್ಲುವುದೆಂದು ಅರ್ಥ. ಪೂರ್ವಾರ್ಧ ಗ್ರೀಕಿನ 'ಗೆನೋಸ್'. ಅದು ನಮ್ಮ 'ಜನ' ಶಬ್ದದ ದಾಯಾದಿ. ಲೋಕದಲ್ಲೇ ಅತ್ಯಂತ ಕ್ರೂರವಾದ ಈ ಮಾತಿನೊಳಗೂ ನಮ್ಮ 'ಜನ' ಕುಳಿತಿದೆ. ನಾಲ್ಕು ವರ್ಷಗಳ ಬಳಿಕ, 1948ರ ಡಿಸೆಂಬರ್ 9ರಂದು, ವಿಶ್ವಸಂಸ್ಥೆ ಆ ಅಪರಾಧವನ್ನು ತಡೆಯುವ ಒಪ್ಪಂದವನ್ನು ಅಂಗೀಕರಿಸಿತು. ಅಪರಾಧ ನಿಂತುಹೋಯಿತೆಂದು ಯಾರೂ ಹೇಳಲಾರರು. ಆದರೆ ಅದನ್ನು ಮಾಡಿದವನು ನಾನು ಮಾಡಿದ್ದಕ್ಕೆ ಹೆಸರೇ ಇಲ್ಲ ಎಂದು ಇನ್ನು ಹೇಳುವಂತಿಲ್ಲ.

ಈಗ ಉಳಿವಿನ ಮಾತುಗಳ ಕಡೆ ತಿರುಗೋಣ. ಶಾಶ್ವತತೆಯ ಶಬ್ದಗಳೆಂದರೆ ಬಹಳ ಗಂಭೀರವಾಗಿರಬೇಕು, ಆಕಾಶದಿಂದ ಇಳಿದಿರಬೇಕು ಎಂದು ನಾನು ಎಣಿಸಿದ್ದೆ. ಹುಡುಕಿದರೆ ಅವೆಲ್ಲ ಮನುಷ್ಯ ದಿನವೂ ಮಾಡುವ ಸಣ್ಣ ಕೆಲಸಗಳಿಂದ ಹುಟ್ಟಿದವುಗಳೇ. ನಿಲ್ಲುವುದು, ತಂಗುವುದು, ಹಿಡಿದುಕೊಳ್ಳುವುದು, ನಡೆಯುವುದು. 'ಸ್ಟೇಬಲ್', 'ಕಾನ್‌ಸ್ಟಂಟ್', 'ಎಸ್ಟೇಟ್' ಇವೆಲ್ಲವೂ ನಿಲ್ಲು ಎಂಬ ಧಾತುವಿನವು; ನಮ್ಮ ಸ್ಥಿರ, ಸ್ಥಾಯಿ, ಸ್ಥಾವರಗಳ ರಕ್ತಸಂಬಂಧಿಗಳು. ನನ್ನ ತಾಯಿ ಬೀದಿಯಲ್ಲೆಲ್ಲ ಸಾರಿದ 'ಖಾಯಂ' ಬೇರೆ ವಂಶದ್ದು, ಅರಬ್ಬಿಯದು. ಆದರೆ ಅಲ್ಲಿಯೂ ಅದಕ್ಕೆ 'ನಿಂತಿರುವುದು' ಎಂದೇ ಅರ್ಥ! ಗಟ್ಟಿಯಾದದ್ದನ್ನು ಹೇಳುವ 'ಫರ್ಮ್' ಎಂಬುದು ಹಿಡಿ, ಧರಿಸು ಎಂಬ ಧಾತುವಿನದು; 'ಧರ್ಮ' ಅದರ ದಾಯಾದಿ. ಬಾಳಿಕೆ ಬರುವುದನ್ನು ಹೇಳುವ 'ಲಾಸ್ಟ್' ಎಂಬ ಅಚ್ಚ ಇಂಗ್ಲಿಷ್ ಕ್ರಿಯಾಪದದ ಕಥೆ ಇನ್ನೂ ಸೊಗಸು. ಅದು ಹೆಜ್ಜೆಗುರುತನ್ನು ಹೇಳುವ ಶಬ್ದದಿಂದ ಬಂತು. ಜೋಡು ಹೊಲಿಯುವವರು ಒಳಗಿಟ್ಟುಕೊಳ್ಳುವ ಮರದ ಪಾದದಚ್ಚಿಗೆ ಇಂದಿಗೂ ಅದೇ ಹೆಸರಿದೆ. ಹೆಜ್ಜೆಯ ಜಾಡನ್ನು ಹಿಡಿದು ಬಿಡದೆ ಹಿಂಬಾಲಿಸುವುದು ಮೊದಲ ಅರ್ಥ. ಬಿಡದೆ ನಡೆಯುವುದೇ ಬಾಳುವುದಾಯಿತು. ನಿಂತದ್ದೇ ಉಳಿಯುತ್ತದೆ ಎಂಬ ನಂಬಿಕೆಯನ್ನು ಪ್ರಶ್ನಿಸಿ, ಸ್ಥಾವರಕ್ಕಿಂತ ಜಂಗಮ ಹೆಚ್ಚೆಂದ ವಚನಕಾರರ ನಾಡಿನವರಿಗೆ ಈ ಶಬ್ದದ ಮರ್ಮವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು 'ಪರ್ಮನೆಂಟ್'. ಲ್ಯಾಟಿನ್ನಿನ 'ಮಾನೆರೆ' ಎಂದರೆ ತಂಗು, ಉಳಿದುಕೋ. ಕೊನೆಯವರೆಗೂ ಉಳಿದುಕೊಳ್ಳುವುದು ಪರ್ಮನೆಂಟ್. ಉಳಿಯುವ ಮನೆ 'ಮ್ಯಾನ್ಷನ್'. ಒಡೆಯನೊಬ್ಬನ ಹಿಡುವಳಿ 'ಮ್ಯಾನರ್'. ಡೂಮ್ಸ್‌ಡೇ ಗ್ರಂಥದಲ್ಲಿ ಹಿಡುವಳಿಗಳನ್ನು ಲೆಕ್ಕ ಹಾಕಿರುವುದು ಈ ಮ್ಯಾನರುಗಳ ಲೆಕ್ಕದಲ್ಲಿಯೇ. ಹೀಗೆ ವಿನಾಶದ ಹೆಸರು ಹೊತ್ತ ಆ ಗ್ರಂಥದ ಪುಟಪುಟದಲ್ಲೂ ಪರ್ಮನೆಂಟಿನ ಅಣ್ಣ ಕುಳಿತಿದ್ದಾನೆ.

ಈ ಮಾತಿನಿಂದಲೇ ಎರಡನೆಯ ದಾಖಲೆಗೆ ಬರಬಹುದು. ಲಾರ್ಡ್ ಕಾರ್ನ್‌ವಾಲಿಸ್ ಹೆಸರು ನಮಗೆ ಅಪರಿಚಿತವಲ್ಲ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟೀಪೂ ಸುಲ್ತಾನನ ಇಬ್ಬರು ಮಕ್ಕಳನ್ನು ಒತ್ತೆಯಾಳಾಗಿ ಕೊಂಡೊಯ್ದವನು ಅವನೇ. ಮರುವರ್ಷ, 1793ರ ಮಾರ್ಚ್ 22ರಂದು, ಅವನು ಬಂಗಾಳ ಪ್ರಾಂತದಲ್ಲಿ 'ಪರ್ಮನೆಂಟ್ ಸೆಟಲ್‌ಮೆಂಟ್' ಎಂಬ ಕಂದಾಯ ವ್ಯವಸ್ಥೆಯನ್ನು ಘೋಷಿಸಿದ. ನಮ್ಮ ಪಠ್ಯಪುಸ್ತಕಗಳಲ್ಲಿ ಅದಕ್ಕೆ ಖಾಯಂ ಜಮೀನ್ದಾರಿ ಪದ್ಧತಿ ಎಂದು ಹೆಸರು. ಬಂಗಾಳಿಗಳು ಚಿರಸ್ಥಾಯಿ ಬಂದೋಬಸ್ತು ಎಂದರು. 'ಸೆಟಲ್' ಎಂಬುದು ಆಸನವನ್ನು ಹೇಳುವ ಶಬ್ದದಿಂದ ಬಂದದ್ದು, ನಮ್ಮ 'ಸದನ'ದ ದಾಯಾದಿ. ಎಂದರೆ, ಎಂದೆಂದಿಗೂ ಅಲುಗದಂತೆ ಕೂರಿಸಿದ ಏರ್ಪಾಟು. ಜಮೀನ್ದಾರ ವಸೂಲು ಮಾಡಿದ ಗೇಣಿಯ ಹನ್ನೊಂದು ಪಾಲಿನಲ್ಲಿ ಹತ್ತು ಪಾಲು ಕಂಪನಿಗೆ, ಒಂದು ಪಾಲು ಅವನಿಗೆ ಎಂಬ ಲೆಕ್ಕದ ಮೇಲೆ ಕಂದಾಯ ಗೊತ್ತಾಯಿತು. ಆ ಮೊತ್ತ ಮುಂದೆಂದೂ ಏರುವುದಿಲ್ಲವೆಂದು ವಚನ ಕೊಟ್ಟರು.

ಶಾಶ್ವತವಾದದ್ದು ಕಂಪನಿಗೆ ಸಲ್ಲಬೇಕಾದ ಮೊತ್ತ ಮಾತ್ರ. ನೆಲ ಉಳುವವನ ಗೇಣಿಗೆ ಅಂಥ ಯಾವ ನಿಗದಿಯೂ ಇರಲಿಲ್ಲ. ಅವನಿಗೆ ನಾಳೆ ಏನೆಂಬುದೇ ತಿಳಿಯದು. ಜಮೀನ್ದಾರರ ಪಾಡಾದರೂ ಸುಖವಾಗಿತ್ತೆ? ಗೊತ್ತಾದ ದಿನ ಸೂರ್ಯ ಮುಳುಗುವುದರೊಳಗೆ ಹಣ ಕಟ್ಟದಿದ್ದರೆ ಜಮೀನ್ದಾರಿ ಹರಾಜು. 'ಸೂರ್ಯಾಸ್ತ ಕಾನೂನು' ಎಂದೇ ಅದು ಪ್ರಸಿದ್ಧವಾಯಿತು. ಶಾಶ್ವತ ವ್ಯವಸ್ಥೆಯ ಆಯಸ್ಸು ಒಂದು ಸಂಜೆಯ ಮೇಲೆ ನಿಂತಿತ್ತು! ಮೊದಲ ಕೆಲವು ದಶಕಗಳಲ್ಲಿಯೇ ಎಷ್ಟೋ ಹಳೆಯ ಮನೆತನಗಳ ಭೂಮಿ ಹರಾಜಿನಲ್ಲಿ ಕೈಬದಲಾಯಿತು. ಕೊಂಡವರಲ್ಲಿ ಎಷ್ಟೋ ಮಂದಿ ಊರಿನಲ್ಲಿ ತಂಗದೆ ಕಲ್ಕತ್ತೆಯಲ್ಲಿ ನೆಲೆಸಿದರು. ಉಳಿದುಕೊಳ್ಳುವುದು ಎಂಬ ಅರ್ಥದ ಮಾತು, ಊರಿನಲ್ಲಿ ಉಳಿದುಕೊಳ್ಳದ ಒಡೆಯರನ್ನು ಸೃಷ್ಟಿಸಿತು. ನಮ್ಮ ಕಡೆಯ ಕೆನರಾ, ಬಳ್ಳಾರಿ ಪ್ರದೇಶಗಳಲ್ಲಿ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಈ ಪದ್ಧತಿಯನ್ನು ಒಪ್ಪದೆ, ರೈತನೊಡನೆ ನೇರವಾಗಿ ಕಂದಾಯ ಗೊತ್ತುಮಾಡುವ ರೈತವಾರಿಯ ಪರವಾಗಿ ವಾದಿಸಿದ. ಸ್ವಾತಂತ್ರ್ಯ ಬಂದ ಮೇಲೆ ಬಿಹಾರದಲ್ಲಿಯೂ ಪೂರ್ವ ಬಂಗಾಳದಲ್ಲಿಯೂ 1950ರ ಶಾಸನಗಳಿಂದ, ಪಶ್ಚಿಮ ಬಂಗಾಳದಲ್ಲಿ 1953ರ ಶಾಸನದಿಂದ ಜಮೀನ್ದಾರಿ ರದ್ದಾಯಿತು. ಪರ್ಮನೆಂಟ್ ಎಂದು ಸಾರಿದ್ದು ಬಾಳಿದ್ದು ನೂರ ಅರವತ್ತು ವರ್ಷ. ಅದು ಹೋದದ್ದಕ್ಕೆ ಉಳುವವರು ಅಳಲಿಲ್ಲ.

ಡೂಮ್ಸ್‌ಡೇ ಗ್ರಂಥ ಏನಾಯಿತು? ಅದು ಇದೆ. ಒಂಬೈನೂರು ವರ್ಷಗಳು ಕಳೆದ ಮೇಲೂ ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಇದೆ. ಲ್ಯಾಟಿನ್ ಬಲ್ಲವರು ಇವತ್ತಿಗೂ ಅದನ್ನು ಓದಬಹುದು. ವಿಲಿಯಮನ ಶೌರ್ಯದಿಂದ ಅದು ಉಳಿಯಲಿಲ್ಲ. ಅವನು 1087ರಲ್ಲೇ ತೀರಿಕೊಂಡ. ಉಳಿದದ್ದು, ತಲೆಮಾರಿನ ಮೇಲೆ ತಲೆಮಾರು ಹೆಸರಿಲ್ಲದ ಗುಮಾಸ್ತರು ಅದನ್ನು ಕಾದದ್ದರಿಂದ. ಮೊದಲು ವಿಂಚೆಸ್ಟರಿನ ಖಜಾನೆಯಲ್ಲಿತ್ತು. ಅನಂತರ ವೆಸ್ಟ್‌ಮಿನ್‌ಸ್ಟರಿಗೆ ಬಂತು. 1783ರಲ್ಲಿ, ಹಸ್ತಪ್ರತಿಯ ಅಕ್ಷರಗಳನ್ನು ಹೋಲುವ ಅಚ್ಚುಮೊಳೆಗಳನ್ನೇ ಮಾಡಿಸಿ ಮುದ್ರಿಸಿದರು. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುವ ಭಯವಿದ್ದಾಗ ಅದನ್ನು ಶೆಪ್ಟನ್ ಮ್ಯಾಲೆಟ್ ಎಂಬ ಊರಿನ ಸೆರೆಮನೆಯಲ್ಲಿ ಬಚ್ಚಿಟ್ಟರು. ಹೊಲಿಗೆ ಸಡಿಲಿದಾಗಲೆಲ್ಲ ಬಿಚ್ಚಿ ಮತ್ತೆ ಕಟ್ಟು ಹಾಕಿದರು.

ಇದಕ್ಕೆ ಎದುರಾದ ಒಂದು ಸಂಗತಿಯನ್ನೂ ಹೇಳಬೇಕು. 1986ರಲ್ಲಿ ಗ್ರಂಥಕ್ಕೆ ಒಂಬೈನೂರು ವರ್ಷ ತುಂಬಿದಾಗ ಬಿ.ಬಿ.ಸಿ. ಸಂಸ್ಥೆ ಹೊಸ ಡೂಮ್ಸ್‌ಡೇ ಒಂದನ್ನು ಸಿದ್ಧಪಡಿಸಿತು. ಶಾಲೆಯ ಮಕ್ಕಳೂ ಸೇರಿದಂತೆ ಹತ್ತು ಲಕ್ಷಕ್ಕೂ ಹೆಚ್ಚು ಜನ ತಮ್ಮ ತಮ್ಮ ಊರಿನ ವಿವರ ಬರೆದರು, ಚಿತ್ರ ತೆಗೆದರು. ಅಷ್ಟನ್ನೂ ಆ ಕಾಲದ ಅತ್ಯಂತ ಹೊಸ ಸಾಧನವಾದ ಲೇಸರ್ ತಟ್ಟೆಗಳಲ್ಲಿ ತುಂಬಿಸಿದರು. ಹದಿನೈದು ವರ್ಷ ಕಳೆಯುವುದರಲ್ಲಿ ಆ ತಟ್ಟೆಗಳನ್ನು ಓದಬಲ್ಲ ಯಂತ್ರಗಳೇ ವಿರಳವಾಗಿಬಿಟ್ಟವು. ಕುರಿಯ ಚರ್ಮದ ಮೇಲೆ ಬಾತುವಿನ ಗರಿಯಿಂದ ಬರೆದದ್ದು ಓದಲು ಬರುತ್ತಿತ್ತು. ಲೇಸರಿನಿಂದ ಬರೆದದ್ದು ಬರುತ್ತಿರಲಿಲ್ಲ. ಕೊನೆಗೆ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ಸಂಶೋಧಕರು 2002ರಲ್ಲಿ ಹಳೆಯ ಯಂತ್ರದಂತೆಯೇ ವರ್ತಿಸುವ ಗಣಕಕ್ರಮವನ್ನು ರಚಿಸಿ ಆ ಮಾಹಿತಿಯನ್ನು ಬದುಕಿಸಿದರು. ತಟ್ಟೆ ಶಾಶ್ವತವಲ್ಲ, ಚರ್ಮವೂ ಶಾಶ್ವತವಲ್ಲ. ಎರಡು ಸಲವೂ ವಸ್ತುವನ್ನು ಉಳಿಸಿದ್ದು, ಅದರ ಬಳಿ ಬಂದು ಕುಳಿತ ಮನುಷ್ಯರು.

ಕೊನೆಯದಾಗಿ ಒಂದು ಶಬ್ದ. ಅನಂತಕಾಲವನ್ನು ಹೇಳುವ 'ಎಟರ್ನಲ್' ಎಂಬ ಮಾತು ಇಂಗ್ಲಿಷಿನ ಉಳಿವಿನ ಮಾತುಗಳಲ್ಲೆಲ್ಲ ಅತಿ ಎತ್ತರದ್ದು. ಅದರ ಬೇರನ್ನು ಹುಡುಕಿಕೊಂಡು ಹೋದರೆ ಲ್ಯಾಟಿನ್ನಿನ 'ಐವುಂ' ಸಿಗುತ್ತದೆ. ಅದಕ್ಕೆ ಕಾಲ, ಜೀವಮಾನ ಎಂದು ಅರ್ಥ. ಗ್ರೀಕಿನಲ್ಲಿ 'ಐಯೋನ್', ಹೋಮರನ ಕಾಲದಲ್ಲಿ ಅದಕ್ಕೂ ಮನುಷ್ಯನ ಜೀವಿತ ಎಂದೇ ಅರ್ಥ. ಸಂಸ್ಕೃತದಲ್ಲಿ ಅದರ ದಾಯಾದಿ 'ಆಯುಸ್', ನಮ್ಮ ಆಯುಷ್ಯ. ಹಿರಿಯರು ತಲೆಯ ಮೇಲೆ ಕೈಯಿಟ್ಟು "ಆಯುಷ್ಯವಂತನಾಗು" ಎನ್ನುತ್ತಾರಲ್ಲ, ಆ ಆಯುಷ್ಯ. ಅನಂತವನ್ನು ಹೇಳಲು ಹೊರಟ ಮನುಷ್ಯನ ಕೈಯಲ್ಲಿದ್ದ ಅಳತೆಗೋಲು ತನ್ನ ಅರವತ್ತು ಎಪ್ಪತ್ತು ವರ್ಷದ ಬದುಕು ಒಂದೇ. ಅದರಿಂದಲೇ ಅವನು ಅನಂತವನ್ನು ಅಳೆದ. ನನಗೆ ಇದರಲ್ಲಿ ಅಹಂಕಾರ ಕಾಣುವುದಿಲ್ಲ. ಒಂದು ಲೆಕ್ಕಾಚಾರ ಕಾಣುತ್ತದೆ. ಒಬ್ಬನ ಆಯುಷ್ಯ ಮುಗಿಯುವ ಹೊತ್ತಿಗೆ ಇನ್ನೊಬ್ಬ ಬಂದು ಕೈಯೊಡ್ಡಿದರೆ, ಅವನ ಆಯುಷ್ಯ ಮುಗಿಯುವಾಗ ಮತ್ತೊಬ್ಬ ಬಂದರೆ, ಹಾಗೆ ಸಾಲಾಗಿ ನಿಂತವರ ಹೆಸರೇ ಶಾಶ್ವತ.

ಗೆದ್ದಲು ತಿಂದ ನನ್ನ ಆದೇಶದ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ಕಾಗದವಿಲ್ಲದೆ ಕಚೇರಿಗೆ ಹೋಗಿ ತಲೆತಗ್ಗಿಸಿ ನಿಂತೆ. ಅಲ್ಲಿದ್ದ ಹಿರಿಯ ಗುಮಾಸ್ತರು ಒಳಗೆ ಹೋಗಿ, ನನ್ನ ಸೇವಾ ಪುಸ್ತಕವನ್ನು ಹುಡುಕಿ ತಂದರು. ಬೆನ್ನಿಗೆ ಖಾದಿ ಬಟ್ಟೆ ಅಂಟಿಸಿ, ದಪ್ಪ ದಾರದಿಂದ ಮತ್ತೆ ಹೊಲಿದಿದ್ದರು. ಮೂವತ್ತು ವರ್ಷಗಳ ಹಿಂದಿನ ಪುಟದಲ್ಲಿ ಆದೇಶದ ಸಂಖ್ಯೆ, ದಿನಾಂಕ, ಅದರ ಕೆಳಗೆ ಒಂದು ಪುಟ್ಟ ರುಜು ಇದ್ದವು. "ಇದನ್ನು ಹೊಲಿದವರು ಯಾರು?" ಎಂದು ಕೇಳಿದೆ. ಅವರು ತಲೆಯಲ್ಲಾಡಿಸಿದರು. "ನಾನು ಬರುವುದಕ್ಕೆ ಮುಂಚಿನದು ಸಾರ್. ಆಗ ಯಾರಿದ್ದರೋ ಅವರು" ಎಂದು ಹೇಳಿ, ಪುಟದ ಅಂಚಿನಲ್ಲಿ ಬಿಟ್ಟಿದ್ದ ಎಳೆಯೊಂದನ್ನು ಒಳಕ್ಕೆ ಸೇರಿಸಿ ಪುಸ್ತಕ ಮುಚ್ಚಿದರು.